ಗಾಳಿ ಕುಡಿದ ತೂಕ

ಕಳಿಸಿದ್ದು ಅರವತ್ತೈದು ಕಿಲೋ.
ಬಂದು ಇಳಿದದ್ದು ಅರವತ್ತೈದೂ ಮುನ್ನೂರು ಗ್ರಾಂ.
ನನ್ನ ಪ್ರೋಗ್ರಾಂ ಕೆಂಪಗಾಯಿತು:
ಅಸಾಧ್ಯ.

ಆ ಪದ ಬರೆದವಳು ನಾನೇ,
ಹೋದ ವಾರ, ಏಸಿ ಕೋಣೆಯಲ್ಲಿ, ಕಾಲ ಮೇಲೆ ಕಾಲು ಹಾಕಿ.
ದಾರಿಯಲ್ಲಿ ಸರಕು ಸೋರಬಹುದು, ಕಳವಾಗಬಹುದು,
ಹೆಚ್ಚುವುದು ಹೇಗೆ? ಚೀಲ ಬಸಿರಾಗುವುದಿಲ್ಲವಲ್ಲ.
ಎರಡೇ ಸಾಲು, ಚೊಕ್ಕ.
ಪರೀಕ್ಷೆ ಇನ್ನೂರ ಹದಿನಾಲ್ಕು, ಎಲ್ಲವೂ ಹಸಿರು.

ಮೊಂಬಾಸಾದ ಶಿಮಾಂಜಿ ಗೋದಾಮಿನ ಹೊರಗೆ ಈಗ
ಮೂವತ್ತೊಂದು ಲಾರಿ.
ಕೆರಿಚೊದ ಗುಡ್ಡ ಇಳಿದು ಬಂದ ಡ್ರೈವರುಗಳು
ಗಾಲಿಯ ನೆರಳಲ್ಲಿ ಕೂತು
ಮರಗೆಣಸಿನ ಚಿಪ್ಸಿಗೆ ಖಾರ ಉದುರಿಸುತ್ತ
ನನ್ನ ಹೆಸರು ಕೇಳುತ್ತಿದ್ದಾರೆ, ಒಳ್ಳೆಯದಕ್ಕಲ್ಲ.
ರಿಜಿಕಿ. ಪಾಲಿಗೆ ಬಂದ ಅನ್ನ ಎಂದರ್ಥ.
ಇವತ್ತು ಅವರ ಅನ್ನಕ್ಕೇ ಅಡ್ಡ ಕೂತಿದ್ದೇನೆ.

ತೂಕದ ಚೆಂಗೊ ಬಂದ.
ಇಪ್ಪತ್ತೆಂಟು ವರ್ಷದಿಂದ ಅದೇ ತಕ್ಕಡಿ,
ಕಿವಿಗೆ ಸಿಕ್ಕಿಸಿದ ಅದೇ ಮೊಂಡು ಪೆನ್ಸಿಲ್ಲು.
ಪರದೆಯತ್ತ ನೋಡಲೂ ಇಲ್ಲ. ಚೀಲಕ್ಕೆ ಸಣ್ಣ ತೂತು ಮಾಡಿ
ಚಿಟಿಕೆ ಪುಡಿ ನನ್ನ ಅಂಗೈಗೆ ಸುರಿದು
"ಕಿವಿಯ ಹತ್ತಿರ ಹಿಡಿದು ಹಿಂಡು" ಎಂದ.
ಹಿಂಡಿದೆ. ಏನೂ ಇಲ್ಲ.
"ಅಲ್ಲಿ ಮೇಲೆ ಇದು ಗರಿಗರಿ ಮಾತಾಡುತ್ತದೆ, ತಾಯಿ.
ಇಲ್ಲಿಗೆ ಬಂದರೆ ಸುಮ್ಮನಾಗುತ್ತದೆ.
ನಾವು ಚಹಾ ಕುಡೀತೇವೆ,
ಚಹಾ ಸಮುದ್ರದ ಗಾಳಿ ಕುಡೀತದೆ."

"ಎಷ್ಟು ಕುಡಿಯುತ್ತದೆ?" ಎಂದೆ,
ಕೀಲಿಮಣೆಯ ಮೇಲೆ ಬೆರಳಿಟ್ಟು.
"ಅದರ ಬಾಯಾರಿಕೆ ಎಷ್ಟಿದೆಯೋ ಅಷ್ಟು."

ಬಾಯಾರಿಕೆ ಪೂರ್ಣಾಂಕವೋ, ದಶಮಾಂಶವೋ?
ಕಾಲೇಜಿನ ನಾಲ್ಕು ವರ್ಷ ತಡಕಿದೆ.
ಮರ ಹತ್ತಿ ಇಳಿಯುವ ಅಲ್ಗಾರಿದಂ ಸಿಕ್ಕಿತು,
ಎಲೆಯ ವಿಷಯ ಸಿಗಲಿಲ್ಲ.

ನಾಚಿಕೆಯಿಂದ ಆ ಎರಡು ಸಾಲು ಅಳಿಸಿದೆ.
ಲಾರಿಗಳು ಕದಲಿದವು. ಯಾರೋ ಹಾರ್ನು ಹೊಡೆದು ಸಲಾಮು ಹೇಳಿದ.

ಮೂರನೇ ದಿನ ಚೆಂಗೊ ತಮ್ಮನ ಹೆಂಡತಿಯ ಮಣ್ಣಿಗೆ ಹೋಗಿದ್ದ.
ಹರಿದ ಟಾರ್ಪಾಲಿನ ಲಾರಿಯೊಂದು, ರಾತ್ರಿಯಿಡೀ ನೆನೆದದ್ದು,
ಚೀಲಕ್ಕೆ ನಾಲ್ಕು ಕಿಲೋ ಹೆಚ್ಚು ಹೊತ್ತು
ನಾನು ತೆರೆದಿಟ್ಟ ಬಾಗಿಲಲ್ಲಿ ರಾಜನಂತೆ ಒಳಹೋಯಿತು.
ವಾರದೊಳಗೆ ಬೂಸಲು. ಪಕ್ಕದ ಸಾಲಿಗೂ.
ಹರಾಜಿನ ದಲ್ಲಾಳಿ ಮೂಗು ಮುಚ್ಚಿಕೊಂಡು ಬೈದದ್ದು
ಚೆಂಗೊನನ್ನು.
ಅವನು ನನ್ನ ಕಡೆ ತಿರುಗಲಿಲ್ಲ.
ತಿರುಗಿದ್ದರೆ ಚೆನ್ನಾಗಿತ್ತು.

ಅಂದಿನಿಂದ ದಿನಾ ಆರಕ್ಕೆ ಒಂದೇ ಚೀಲ ತೂಗುತ್ತಿದ್ದೇನೆ,
ತೆಂಕಣದ ಕುಸಿ ಗಾಳಿ ಬೀಸಿದ ದಿನ, ಬೀಸದ ದಿನ,
ಏಪ್ರಿಲ್ಲಿನ ಮಳೆಯಲ್ಲಿ ಕೊಡೆ ಹಿಡಿದು.
ನೈರೋಬಿಯಿಂದ ಸಹಪಾಠಿ ಮುತುವಾ ಫೋನು ಮಾಡುತ್ತಾನೆ:
"ಎರಡು ಹೊಸ ಭಾಷೆ ಬಂದು ಹಳೆಯವೂ ಆದವು,
ನೀನಿನ್ನೂ ಚೀಲ ಹೊರುತ್ತಿದ್ದೀಯಾ?"
ರಾತ್ರಿ ಹನ್ನೊಂದಕ್ಕೆ ಆ ಭಾಷೆ ಕಲಿಯುತ್ತ
ಕೀಲಿಮಣೆಯ ಮೇಲೇ ನಿದ್ದೆ ಹೋಗುತ್ತೇನೆ;
ಎದ್ದಾಗ ಪರದೆಯ ತುಂಬ ಒಂದೇ ಅಕ್ಷರ.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ.
ಆ ತೂಕ ಹಾಕಿದವರು ಯಾರೋ,
ಅವರ ತಕ್ಕಡಿ ಯಾವ ಕರಾವಳಿಯದೋ,
ಗಾಳಿ ಎತ್ತಲಿಂದ ಬೀಸುತ್ತಿತ್ತೋ.

ಅಸಾಧ್ಯ ಎಂದಿದ್ದ ಜಾಗದಲ್ಲಿ ಈಗ
ತಿಂಗಳಿಗೊಂದರಂತೆ ಹನ್ನೆರಡು ಅಂಕಿಗಳಿವೆ,
ಏಳು ನಾನೇ ತೂಗಿದವು, ಐದು ಊಹೆ.
ಅವುಗಳ ಕೆಳಗೆ ಹಳದಿಯಲ್ಲಿ ಒಂದು ಸಾಲು:
ಚೆಂಗೊನನ್ನು ಕೇಳಿ.

ಅವನು ಡಿಸೆಂಬರಿಗೆ ನಿವೃತ್ತ.

ಲಾಗಿನ್ ಆಗುವ ಮುಂಚೆ ಚಿಟಿಕೆ ಪುಡಿ
ಕಿವಿಯ ಹತ್ತಿರ ಹಿಡಿದು ಹಿಂಡುತ್ತೇನೆ.
ಎಲ್ಲ ಚೀಲವೂ ನನಗೆ ಒಂದೇ ಥರ ಕೇಳಿಸುತ್ತವೆ,
ನಿನ್ನೆಯ ಮೂವತ್ತೊಂದರಲ್ಲಿ
ಎರಡು ಬಿಟ್ಟು.