ಲೋಡ್ ಎಷ್ಟು?

"ಲೋಡ್ ಎಷ್ಟು?" ಕೇಳಿದ
ಮಲ್ಪೆಯ ಬ್ಯಾಟರಿ ಅಂಗಡಿಯ ಹಸನಬ್ಬ.
ಈ ಓಮ್ನಿಯಲ್ಲಿ ಲೋಡ್ ಅಂದರೆ ಇಷ್ಟು ವರ್ಷ
ಇಪ್ಪತ್ತು ಬಾಕ್ಸ್ ಬಂಗುಡೆ, ಮೇಲೆ ಐಸು.

ಮೆಸ್ಕಾಂ ಬಿಲ್ಲಿನ ಬೆನ್ನಿಗೆ ಬರೆದುಕೊಟ್ಟೆ:
ದೀಪ ಐದು ವ್ಯಾಟ್, ನಾಲ್ಕು ತಾಸು, ಇಪ್ಪತ್ತು.
ಫೋನು, ಫ್ಲೋಸಿಯದೂ ನನ್ನದೂ, ಇಪ್ಪತ್ತು.
ಫ್ಯಾನು ಹದಿನೈದು, ರಾತ್ರಿಯಿಡೀ ಎಂಟು ತಾಸು.
"ಕಡಲ ಬದಿ ಫ್ಯಾನು ಯಾಕೆ ಮಾರಾಯ್ರೆ?"
ಸೆಕೆಗಲ್ಲ. ಏಳು ಸಲ ಸೋಪು ಹಾಕಿ ತೊಳೆದರೂ
ತಗಡು ಬಿಟ್ಟುಕೊಡದ ಮೀನಿಗೆ.

ನೂರರವತ್ತು. ಮೋಡದ ದಿನಕ್ಕೆ ಇನ್ನೊಂದು ಅಷ್ಟೇ.
ಅರ್ಧಕ್ಕಿಂತ ಇಳಿಯದ ಹಾಗೆ ಬ್ಯಾಟರಿ ಅರವತ್ತು ಎಎಚ್,
ನೆತ್ತಿಗೆ ನೂರರ ಪ್ಯಾನೆಲ್.

ಪಡುಕೆರೆ. ಬೆಳಗ್ಗೆ ಎಂಟರ ಬಿಸಿಲು. ಮೀಟರು ಸೊನ್ನೆ.
ಫ್ಯೂಸು ಬಿಚ್ಚಿದೆ, ಹಸನಬ್ಬನಿಗೆ ಬೈದೆ.
ಹೊರಗೆ ಫ್ಲೋಸಿಗೆ ನಗು:
ಪ್ಯಾನೆಲಿನ ಮೇಲೆ ಮೂರು ಬೆಕ್ಕು,
ಬಾಲ ಇಳಿಬಿಟ್ಟು,
ಬಂಗುಡೆಗೆ ಕಾಯುತ್ತ.