ಮುಳ್ಳಿನ ಡಬ್ಬಿ

ಜಿಪಿಎಸ್ ಪರದೆಯ ಮೇಲೆ ರಟ್ಟಿನ ತುಂಡು ಅಂಟಿಸಿ
"ಇವತ್ತ ಇದಕ್ಕ ಉಪಾಸ" ಅಂದರು ಕ್ಯಾಪ್ಟನ್ ಜಯಶೀಲಾ ಹರಸೂರ.
"ಮುಳ್ಳು ರಿಪೇರಿ ಮಾಡಿದವರು ನೀವು, ಚಾಂದಪಾಶಾ,
ನೀವೇ ಕೂತು ನೋಡ್ರಿ."
ಮೂರು ವರ್ಷ ವಿಮಾನದ ಹೊಟ್ಟೆಯೊಳಗೆ ಕೈ ಇಟ್ಟವನು
ನೆಲ ಬಿಟ್ಟದ್ದು ಅವತ್ತೇ ಮೊದಲು.
ಸರಡಗಿಯ ರನ್‌ವೇ
ನೋಡನೋಡುತ್ತ ಒಂದು ಶಹಾಬಾದ್ ಫರಸಿಯಷ್ಟಾಯಿತು.

ಈ ಡಬ್ಬಿ ಬೇರೇನಲ್ಲ, ರೇಡಿಯೊದ ಅಣ್ಣ.
ದನಿ ಕೇಳಿ ಸುಮ್ಮನಾಗುತ್ತದೆ ತಮ್ಮ;
ಯಾವ ಕಡೆಯ ದನಿ ಎಂದು ಇದು ಕತ್ತು ಹೊರಳಿಸುತ್ತದೆ.
ಸೂಪರ್ ಮಾರ್ಕೆಟಿನ ಮೂಲೆಯ ನನ್ನ ಅಂಗಡಿಯಲ್ಲಿ
ಮರ್ಫಿ, ಬುಷ್‌ಗಳ ಬೆನ್ನು ಬಿಚ್ಚಿ ಕೂತಾಗಲೇ ಕಂಡಿದ್ದೆ:
ಸೆಟ್ಟನ್ನು ಮೆಲ್ಲಗೆ ತಿರುವುತ್ತ ಹೋದರೆ
ಒಂದು ಕಡೆ ಹಾಡು ಸಾಯುತ್ತದೆ.
ಆಗ ಒಳಗಿನ ಕರಿ ಕಡ್ಡಿಯ ತುದಿ ಎತ್ತ ನೋಡುವುದೋ
ಅತ್ತ ಸ್ಟೇಷನ್.
ದನಿ ಇಲ್ಲವಾದಲ್ಲಿ ದನಿಯ ವಿಳಾಸ.
ಯಾರಿಗೂ ಹೇಳಿರಲಿಲ್ಲ. ಯಾರು ಕೇಳಿದ್ದರು?

ಸಾವಿರದ ನೂರರ ಆಚೆಗೆ ಗುಂಡಿ ತಿರುವಿದೆ.
ಕಿವಿಯೊಳಗೆ ಆಕಾಶವಾಣಿ:
ತೊಗರಿ ಇಷ್ಟು, ಹೆಸರು ಇಷ್ಟು, ಕುಸುಬೆ ಇಷ್ಟು,
ಗಂಜ್‌ನ ದರ ಓದುವ ಹೆಣ್ಣುದನಿ
ನಾಲ್ಕು ಸಾವಿರ ಅಡಿಯ ಮೇಲೂ
ಗೋಡೆಯಾಚೆ ಮನೆಯಷ್ಟು ಹತ್ತಿರ.
ಬುದ್ಧವಿಹಾರದ ಬಿಳಿ ಗುಮ್ಮಟ, ದರ್ಗಾದ ಗುಮ್ಮಟ, ಕೋಟೆ,
ಯಾವುದೂ ಕಾಣದ ಮೇ ತಿಂಗಳ ದೂಳು.
ಸೇಡಂ ಮೇಲೆ ಹೊರಳಿ ಊರಿಗೆ ಮುಖ ಮಾಡಿದೆವು.
ಮುಳ್ಳು ಒಂದಿಷ್ಟು ತಡಕಾಡಿ
ಊಟಕ್ಕೆ ಕರೆದರೆ ತಿರುಗುವ ಹುಡುಗನಂತೆ
ನೆಟ್ಟಗೆ ಮುಂದೆ ನಿಂತಿತು.

ಕಾಗಿಣಾದ ಬತ್ತಿದ ಗೆರೆ ದಾಟುವಾಗ ಜಾರಿತು.
ಬಲಕ್ಕೆ ಒಮ್ಮೆ. ಮತ್ತೆ, ಬಲಬೆನ್ನಿಗೆ, ಚಿಂಚೋಳಿಯ ಕಡೆ.
ದರ ಓದುವಾಕೆಯ ಬಾಯಲ್ಲಿ ಕರ್‌ಕರ್ ಮರಳು.
ಅಂಗಿ ಬೆನ್ನಿಗೆ ಅಂಟಿತು. ಯಾವ ಬೆಸುಗೆ ಬಿಟ್ಟಿತು? ಯಾವ ತಂತಿ?
"ಇಳಿಸ್ರಿ ಮೇಡಂ, ಕೆಟ್ಟದ."
ಆಕೆ ಗದ್ದದಿಂದಲೇ ತೋರಿಸಿದರು:
ಗುಡ್ಡದ ಮೇಲೆ ಕರಿಮೋಡ, ಒಳಗೊಳಗೇ ಮಿಂಚು.
"ಕೆಟ್ಟಿಲ್ಲ. ಸಿಡಿಲೂ ಅದಕ್ಕ ಒಂದು ಸ್ಟೇಷನ್ನೇ.
ಜೋರು ಮಾತಾಡಿದವರ ಕಡೆ ನೋಡ್ತದ.
ತಾನೇ ಬರ್ತದ, ಬಿಡ್ರಿ."

ನೆನಪಾದರು ಮರತೂರಿನ ಗುರುಲಿಂಗಪ್ಪ ಮಾಸ್ತರ.
ಮಿರಗ ಹತ್ತಿರಾದರೆ ಸಾಕು,
ಟವೆಲ್ಲಿನಲ್ಲಿ ಸುತ್ತಿದ ಸೆಟ್ಟು ಬಗಲಲ್ಲಿಟ್ಟು ಬರುತ್ತಿದ್ದರು.
"ಸಂಜೀಕ ಕರ್‌ಕರ್ ಅಂತದ ತಮ್ಮಾ, ವಾರ್ತಾ ತಿಳೀಯಂಗಿಲ್ಲ."
ಬಿಚ್ಚುತ್ತಿದ್ದೆ. ಊದುತ್ತಿದ್ದೆ. ಮುಚ್ಚುತ್ತಿದ್ದೆ.
ಕಂಡೆನ್ಸರ್ ಹೋಗ್ಯದ, ನಲವತ್ತು ರೂಪಾಯಿ.
ಹೋಗಿರಲಿಲ್ಲ.
ಎಂಟು ಹರದಾರಿ ಆಚೆಯ ಮಳೆಯನ್ನು
ಮರತೂರಿಗಿಂತ ಮೊದಲು ಆ ಸೆಟ್ಟು ಕೇಳುತ್ತಿತ್ತು,
ನಾನು ಅದಕ್ಕೆ ರೋಗದ ಚೀಟಿ ಬರೆದೆ,
ಆರು ಮಳೆಗಾಲ.
ಬೆಲ್ಟಿನೊಳಗೆ ಕೂತೇ ಲೆಕ್ಕ ಹಾಕಿದೆ: ಇನ್ನೂರಾ ನಲವತ್ತು.
ಮಾಸ್ತರ ಈಗಿಲ್ಲ. ಮಗಳು ಜೇವರ್ಗಿಯಲ್ಲಿದ್ದಾಳೆಂದು ಯಾರೋ ಅಂದಿದ್ದರು.

ಮೋಡ ಹಿಂದುಳಿಯಿತು. ಮುಳ್ಳು ತಾನೇ ಬಂತು.
ಆಕೆಯ ದನಿಯೂ, ಅಲಸಂದಿಯ ದರದ ನಡುವಿನಿಂದ.

ಇಳಿದ ಮೇಲೆ ದಾಖಲೆಯ ಪುಸ್ತಕ ಮುಂದಿಟ್ಟರು.
ತಾರೀಖು, ಎತ್ತರ, ಹವಾ, ಮುಳ್ಳು ಅಲುಗಿದ ಹೊತ್ತು,
ಎಲ್ಲ ತುಂಬಿದೆ.
ಕೊನೆಯ ಕಾಲಮ್ಮಿನಲ್ಲಿ, ಇಷ್ಟು ವರ್ಷ
ಯಾವ ಚೀಟಿಯ ಮೇಲೂ ಬರೆಯದಿದ್ದ ಮಾತು:
ದೋಷ ಕಂಡುಬಂದಿಲ್ಲ.
ಸಹಿ ಮಾಡಿ, ಕೈ ಒರೆಸಿಕೊಂಡು,
ಜೇವರ್ಗಿ ಬಸ್ಸು ಎಷ್ಟಕ್ಕ ಅದ ಎಂದು
ಗೇಟಿನವನನ್ನು ಕೇಳಿದೆ.