ಅಡ್ಡಹೆಸರು

ಹನ್ನೊಂದೂ ನಲವತ್ತು. ಖರಾಡಿ, ಏಳನೇ ಮಹಡಿ.
ಏಸಿ ಕೆಟ್ಟಿದೆ; ಕಿಟಕಿ ತೆರೆಯುವಂಥದ್ದಲ್ಲ.
ಕೆಳಗೆ ಮುಳಾ-ಮುಠಾ, ಅಂತರಗಂಗೆ ಹೊದ್ದು
ಹರಿಯುವುದನ್ನೇ ಮರೆತಂತಿದೆ.

ಯೆರವಡಾದ ಕಾರ್ಮಿಕರ ದವಾಖಾನೆಯ ಸರ್ವರು
ಬೆಳಗಿನಿಂದ ಎಡವಿದ್ದು ಮೂವತ್ತಾರು ಸಲ.
ಎಡವುವ ಕಲ್ಲು ಒಂದೇ.
ಲಾಗಿನಲ್ಲಿ ಅದೇ ಕೆಂಪು ಮೆಟ್ಟಿಲು,
ಓದುತ್ತ ಇಳಿದರೆ ಕೊನೆಗೆ ನಮ್ಮದೇ ಹೊಸ್ತಿಲು.

‘ಓದಿದ್ದು ಸಾಕು, ಹೋಗಿ ನೋಡಿಯೇ ಬಿಡು’ ಎಂದ ತಾಮ್ಹಣಕರ್.
ಎಕ್ಲಿಪ್ಸ್ ತೆರೆದೆ. ಪೋರ್ಟ್ 8787:
ಗೋಡೆಯಲ್ಲೊಂದು ಕಂಡಿ,
ಕಣ್ಣಿಟ್ಟರೆ ಪರರ ಅಡುಗೆಮನೆ,
ಬಡಿಸುವವರಿಗೆ ಗೊತ್ತಾಗದ ಹಾಗೆ.

ಮೊದಲ ಸಲ ಇಟ್ಟ ಕೆಂಪು ಚುಕ್ಕೆ ದಂಡ.
ನಿಂತದ್ದು ಒಂದು ಖಾಲಿ ಸಾಲಿನ ಮೇಲೆ,
ಆಮೇಲೆ ಮುಚ್ಚುವ ಆವರಣದ ಮೇಲೆ.
ಅಲ್ಲಿ ಓಡುತ್ತಿರುವುದು ಹೋದ ಮಂಗಳವಾರದ ಕೋಡು,
ನನ್ನ ಕಣ್ಣೆದುರಿನದು ಇವತ್ತಿನದು.
ಹೊಸ ನಕ್ಷೆ ಹಿಡಿದು ಹಳೆಯ ಓಣಿಯಲ್ಲಿ
ಮನೆ ನಂಬರು ಕೇಳುತ್ತ ಅಲೆದಿದ್ದೆ.

ಮಂಗಳವಾರವನ್ನು ಹುಡುಕಿ ತಂದೆ.
ಸಾಲು ಇನ್ನೂರ ಹದಿನಾಲ್ಕು. ಚುಕ್ಕೆ ಇಟ್ಟೆ.
ಒಂದು ಚಹಾ ಆಯಿತು.

ನಿಂತಿತು.

ಪಕ್ಕದ ಚೌಕದಲ್ಲಿ
ಹೆಸರು: ಸಾಬಮ್ಮ.
ವಯಸ್ಸು: ನಲವತ್ತೊಂದು.
ಗಂಡ: ಭೀಮಶಪ್ಪ.
ಊರು: ಸುರಪುರ ತಾಲೂಕು, ಮುಂದಿನದು ಅರ್ಧಕ್ಕೇ ಕತ್ತರಿಸಿದೆ.
ಕೆಲಸ: ವಾಘೋಲಿ, ಸೆಂಟ್ರಿಂಗ್.
ತೊಂದರೆ: ಕೆಮ್ಮು, ಎರಡು ತಿಂಗಳು.
ಅಡ್ಡಹೆಸರು: ನಲ್.

ನಲ್ ಎಂದರೆ ಸೊನ್ನೆಯಲ್ಲ. ಸೊನ್ನೆಗೆ
ಎಡಕ್ಕೊಂದು ಒಂದು ಸಿಕ್ಕರೆ ಹತ್ತಾಗುತ್ತದೆ.
ಖಾಲಿಯೂ ಅಲ್ಲ; ಖಾಲಿ ಕೊಡವೂ ಕೊಡವೇ,
ತಟ್ಟಿದರೆ ದನಿ ಕೊಡುತ್ತದೆ.
ಇದು ಕೊಡ ಇಡಲೆಂದು ಬಿಟ್ಟ ಜಾಗ.
ಕೊಡ ಬಂದೇ ಇಲ್ಲ.
ನಮ್ಮ ಕೋಡು ಮಾತ್ರ ಅಲ್ಲಿಗೆ ಕೈ ಹಾಕಿ
ಇಲ್ಲದ ಕಂಠ ಹಿಡಿದು
ಆಚೀಚೆ ಅಂಟಿದ್ದನ್ನು ಒರೆಸಲು ಹೊರಟಿದೆ.

ಬರೆದವರು ಯಾರು?
ನಾನೇ. ಎರಡು ವರ್ಷದ ಹಿಂದಿನ ಜೂನು.

ನನಗೂ ಇರಲಿಲ್ಲ ಅಡ್ಡಹೆಸರು.
ಸೊಲ್ಲಾಪುರದ ಶಾಲೆಯಲ್ಲಿ ಹಾಜರಿಯ ಕಾಲಂ ತುಂಬಲೆಂದು
ಮಾಸ್ತರು ಅಪ್ಪನ ಕೆಲಸ ಕೇಳಿ ‘ಗಿರಣಿ’ ಎಂದು ಗೀಚಿದರು.
ಅಂದಿನಿಂದ ನಾವು ಗಿರಣಿ.
ಅಪ್ಪನದು ಅಲ್ಲಿ ದಿನಗೂಲಿ,
ಗಿರಣಿ ಬೇರೆಯವರದ್ದು.

ಫೋನು. ಕೌಂಟರಿನ ಕುಂದಾತಾಯಿ:
‘ಏನು ಮಾಡಿದಿರಿ? ಎಲ್ಲರದೂ ನಿಂತಿದೆ,
ಬರೀ ಚಕ್ರ ತಿರುಗ್ತಿದೆ!’
ನೋಡಿದೆ. ‘ಎಳೆ’ ಎಂದು ಒತ್ತುವಲ್ಲಿ
‘ಎಲ್ಲ’ ಎಂದು ಒತ್ತಿದ್ದೇನೆ.
ಒಂದೆಳೆ ಹಿಡಿಯಹೋಗಿ ಇಡೀ ಮಗ್ಗ ತಡೆದಿದ್ದೇನೆ.
ಅಪ್ಪ ಹೇಳುತ್ತಿದ್ದ: ಎಳೆ ಕಡಿದರೆ ಮಗ್ಗ ತಾನೇ ನಿಲ್ಲುತ್ತದೆ,
ಗಂಟು ಹಾಕುವವನ ಬೆರಳು ಚುರುಕಿರಬೇಕು.

‘ಎದುರಿಗೆ ಒಬ್ಬಾಕೆ, ಸೆರಗು ಬಾಯಿಗೊತ್ತಿ ಕೆಮ್ತಾಳೆ.
ಅಡ್ಡಹೆಸರು ಕೇಳಿದರೆ ನಗ್ತಾಳೆ.’

ಗೊತ್ತು, ಎನ್ನಲಿಲ್ಲ.
ನನ್ನ ಚೌಕದಲ್ಲಿ ಆಕೆಯ ಕೆಮ್ಮು ನಿಂತು ಎಂಟು ನಿಮಿಷ.
ಅಲ್ಲಿ ನಿಂತಿಲ್ಲ.

ನಲ್ ಮೇಲೆ ಎರಡು ಸಲ ಒತ್ತಿದರೆ ತಿದ್ದಬಹುದು.
ಕರ್ಸರು ಮಿಟುಕುತ್ತ ಕೇಳಿತು: ಏನು ಬರೆಯಲಿ?
ಸುರಪುರ? ಭೀಮಶಪ್ಪ? ಸೆಂಟ್ರಿಂಗ್?
ಮಾಸ್ತರರ ಸೀಸದ ಕಡ್ಡಿ
ಇಷ್ಟು ಹಗುರವಿತ್ತೆಂದು ಗೊತ್ತೇ ಇರಲಿಲ್ಲ.

ಎರಡು ಉದ್ಧರಣ ಚಿಹ್ನೆ ಒತ್ತಿದೆ.
ನಡುವೆ ಏನೂ ಇಡಲಿಲ್ಲ. ಖಾಲಿ ಕೊಡ.
ಎಫ್ ಎಂಟು.

‘ಹಾಂ, ಬಂತು ಚೀಟಿ’ ಎಂದಳು ಕುಂದಾತಾಯಿ,
‘ಹೋದಳು ಒಳಗೆ.’
ಸರಿಯಾದ ತಿದ್ದುಪಡಿ ರಾತ್ರಿಗೆ,
ಎಲ್ಲರೂ ಮನೆಗೆ ಹೋದ ಮೇಲೆ.
‘ಎಲ್ಲ’ ತೆಗೆದು ‘ಎಳೆ’ ಮಾಡಿದೆ,
ಆರಿದ ಚಹಾದ ಲೋಟ ಬದಿಗೆ ಸರಿಸಿದೆ.

‘ಮುಂದಿನವನು ಹುಡುಗ. ಇವನಿಗೂ
ಇಲ್ಲವಂತೆ ನೋಡಿ.’

ಚುಕ್ಕೆ ತೆಗೆದಿರಲಿಲ್ಲ.

ನಿಂತಿತು.